ಕಲ್ಲಿನಂಥ ಬಿಸ್ಕತ್ತು ಐದನೇ ದಿನ ಮೆತ್ತಗಾಗೋದು ಹೇಗೆ? | ನಮ್ಮನೆ ಕ್ರಿಸ್ಮಸ್ ಮೆಣಸಿನ ಬಿಸ್ಕತ್ತು

(ಹತ್ತಿರದ ಶಾಟ್: ಸ್ಟೀಲ್ ತಟ್ಟೆ. ಮೇಲಿಂದ ಒಂದು ಬಿಸ್ಕತ್ತು ಬೀಳುತ್ತದೆ. ಟಣ್!)

ಸದ್ದು ಕೇಳಿಸ್ತಾ? ಇದು ನಿನ್ನೆ ಬೇಯಿಸಿದ್ದು. ಮೊದಲ ಸಲ ನಾನೇ ಮಾಡಿದಾಗ ಕೆಟ್ಟೇ ಹೋಯ್ತು ಅಂದುಕೊಂಡು ಒಂದು ತಟ್ಟೆ ಪೂರ್ತಿ ಕುಟ್ಟಿ ಕೋಳಿಗಳಿಗೆ ಹಾಕಿದ್ದೆ. ಅಜ್ಜಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ನಮಸ್ಕಾರ. ಇದು ಶಿವಮೊಗ್ಗದ ನಮ್ಮನೆ ಅಡುಗೆಮನೆ. ಈ ಬಿಸ್ಕತ್ತಿನ ತವರು ಜರ್ಮನಿ, ಅಲ್ಲಿ ಇದು ಫೆಫರ್‌ನ್ಯೂಸ್ಸೆ. ಫೆಫರ್ ಅಂದರೆ ಕಾಳುಮೆಣಸು. ನಮ್ಮ ಮುತ್ತಜ್ಜಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಪಾದ್ರಿಗಳ ಬಂಗ್ಲೆಯಲ್ಲಿ ಅಡುಗೆಗಿದ್ದರು, ಅಲ್ಲಿ ಕಲಿತದ್ದು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ ಅದು. 1894ರ ಕಿಟೆಲ್ ನಿಘಂಟು ಗೊತ್ತಲ್ವಾ, ಆ ಕಿಟೆಲ್ ಕೂಡ ಇದೇ ಮಿಷನ್‌ನವರು.

ತಮಾಷೆ ನೋಡಿ. ಕೆಳದಿ ನಾಯಕರ ಕಾಲದಲ್ಲೇ ನಮ್ಮ ಕಡೆಯ ಮೆಣಸು ಘಟ್ಟ ಇಳಿದು ಪೋರ್ಚುಗೀಸರ, ಡಚ್ಚರ ಹಡಗು ಹತ್ತುತ್ತಿತ್ತು. ಹೋದದ್ದು ಮೆಣಸಾಗಿ, ವಾಪಸ್ ಬಂದದ್ದು ಬಿಸ್ಕತ್ತಾಗಿ.

(ಶಾಟ್: ಡಬ್ಬಿಯಿಂದ ಜೋನಿ ಬೆಲ್ಲ ನಿಧಾನಕ್ಕೆ ಸುರಿಯುತ್ತದೆ)

ಮುತ್ತಜ್ಜಿ ಘಟ್ಟ ಹತ್ತಿ ಬಂದ ಮೇಲೆ ಜೇನಿನ ಬದಲು ಜೋನಿ ಬೆಲ್ಲ ಹಾಕತೊಡಗಿದರು. ಜೋನಿ ಬೆಲ್ಲಕ್ಕೆ ಸ್ವಲ್ಪ ಹುಳಿ ಗುಣ ಇರುತ್ತದೆ. ಸೋಡಾ ಸೇರಿದ ಕೂಡಲೇ ಗಾಳಿಗುಳ್ಳೆ ಏಳುತ್ತವೆ, ಬಿಸ್ಕತ್ತು ಉಬ್ಬುತ್ತದೆ. ಇನ್ನೊಂದು, ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಇರುತ್ತವೆ. ಇವು ಸುತ್ತಲಿನ ತೇವವನ್ನು ಎಳೆದುಕೊಳ್ಳುತ್ತವೆ. ಒಲೆಯಿಂದ ಇಳಿದಾಗ ಬಿಸ್ಕತ್ತಿನಲ್ಲಿ ನೀರಿನಂಶ ಕಡಿಮೆ, ಅದಕ್ಕೇ ಕಲ್ಲು. ಆಮೇಲೆ ಸುಮ್ನೆ ಬಿಟ್ಟರೆ ಸಾಕು, ತಾನಾಗಿ ಮೆತ್ತಗಾಗುತ್ತದೆ.

ಅಳತೆ ಬರೆದುಕೊಳ್ಳಿ. ಮೈದಾ 300 ಗ್ರಾಂ, ಜೋನಿ ಬೆಲ್ಲ 120, ಬೆಣ್ಣೆ 60, ಒಂದು ಮೊಟ್ಟೆ, ಅರ್ಧ ಚಮಚ ಸೋಡಾ, ಚಿಟಿಕೆ ಉಪ್ಪು. ದಾಲ್ಚಿನ್ನಿ ಪುಡಿ ಒಂದು ಚಮಚ, ಏಲಕ್ಕಿ, ಮೆಣಸು ಅರ್ಧರ್ಧ. ಲವಂಗ ಕಾಲು ಚಮಚ ಮಾತ್ರ. ಜಾಸ್ತಿ ಆದರೆ ಹಲ್ಲುನೋವಿನ ಎಣ್ಣೆಯ ವಾಸನೆ, ಎರಡರಲ್ಲೂ ಇರುವುದು ಅದೇ ಯೂಜಿನಾಲ್. ಮೆಣಸು ಆಗಲೇ ಕುಟ್ಟಬೇಕು. ಅಜ್ಜಿ ಇವತ್ತಿಗೂ 'ಒಳ್ಳೆಮೆಣಸು' ಅಂತಾರೆ. ಪ್ಯಾಕೆಟ್ ಪುಡಿ ತಂದರೆ ಮೂಸಿ ನೋಡಿ ಪಕ್ಕಕ್ಕಿಡುತ್ತಾರೆ.

ಹಿಟ್ಟು ಕಲಸಿ ಮುಚ್ಚಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಮೈದಾ ನೀರು ಕುಡಿಯುತ್ತದೆ, ಮಸಾಲೆಯ ಘಮ ಬೆಣ್ಣೆಗಿಳಿಯುತ್ತದೆ. ಬೆಳಗ್ಗೆ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, 170 ಡಿಗ್ರಿಯಲ್ಲಿ 12ರಿಂದ 14 ನಿಮಿಷ. ಅಜ್ಜಿ ಮೊದಲೆಲ್ಲ ಬಾಣಲೆಗೆ ಮರಳು ಹಾಕಿ, ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸುತ್ತಿದ್ದರು.

ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ, ಮೇಲೊಂದು ಬ್ರೆಡ್ ಸ್ಲೈಸ್ ಇಡಿ. ಮಾರನೇ ದಿನ ಸ್ಲೈಸ್ ಹಪ್ಪಳದಂತೆ ಒಣಗಿರುತ್ತದೆ, ಅದರ ತೇವ ಎಲ್ಲಿಗೆ ಹೋಯ್ತು ಅಂತ ಗೊತ್ತಾಯ್ತಲ್ವಾ? ಅವತ್ತೇ ಅದನ್ನು ತೆಗೆದುಬಿಡಿ. ಮಲೆನಾಡಿನ ಥಂಡಿಗೆ ಮರೆತರೆ ಬೂಸ್ಟು ಗ್ಯಾರಂಟಿ.

(ಶಾಟ್: ಅದೇ ತಟ್ಟೆ, ಐದನೇ ದಿನದ ಬಿಸ್ಕತ್ತು ಬೀಳುತ್ತದೆ. ಸದ್ದಿಲ್ಲ. ಅಜ್ಜಿಯ ಕೈ ಬಂದು ಅದನ್ನು ಎತ್ತಿಕೊಂಡು ಹೋಗುತ್ತದೆ.)