ಮಗಳಿಗೆ ‘ಶಾಂತಲಾ’ ಅಂತ ಹೆಸರಿಡೋ ಮುಂಚೆ

ಈಗ ಪರದೆ ಮೇಲಿರೋದು ಹಳೇಬೀಡು. ಒಂದೇ ಜಗಲಿ ಮೇಲೆ ಅಕ್ಕಪಕ್ಕ ಎರಡು ಗುಡಿ, ಎರಡು ಲಿಂಗ. ದಕ್ಷಿಣದ್ದು ಹೊಯ್ಸಳೇಶ್ವರ, ಉತ್ತರದ್ದು ಶಾಂತಲೇಶ್ವರ. ಆ ಎರಡನೇ ಹೆಸರನ್ನ ಬಿಡಿಸಿ ನೋಡಿ: ಶಾಂತಲಾ, ಈಶ್ವರ. ಗುಣಸಂಧಿ. ವಿಷ್ಣುವರ್ಧನನ ಪಟ್ಟದ ರಾಣಿಯ ಹೆಸರನ್ನೇ ಶಿವನಿಗೆ ಇಟ್ಟಿದ್ದಾರೆ.

ಹೆಸರಿನ ಪಟ್ಟಿಗಳಲ್ಲಿ ಶಾಂತಲಾ ಅಂದ್ರೆ ‘ಶಾಂತ ಸ್ವಭಾವದವಳು’ ಅಂತ ಒಂದು ಸಾಲು ಬರೆದು ಮುಗಿಸಿಬಿಡ್ತಾರೆ. ಅದು ತಪ್ಪಲ್ಲ, ಆದರೆ ಅರ್ಧ ಮಾತ್ರ. ‘ಶಾಂತ’ ಸಂಸ್ಕೃತದ್ದು, ‘ಶಮ್’ ಅನ್ನೋ ಧಾತುವಿನಿಂದ ಬಂದದ್ದು. ಇನ್ನು ಕೊನೆಯ ‘ಲ’? ವತ್ಸಲಾ ಅನ್ನೋ ಹೆಸರಿನಲ್ಲೂ ಇಂಥದ್ದೇ ‘ಲ’ ಇದೆ, ಹಾಗಾಗಿ ಇದೂ ಪೂರ್ತಿ ಸಂಸ್ಕೃತವೇ ಅಂತ ಅನ್ನಿಸಬಹುದು. ಆದರೆ ಶಾಂತಲೆಯ ಸುತ್ತ ಇದ್ದ ಹೆಂಗಸರ ಹೆಸರು ಕೇಳಿ. ಅತ್ತೆ ಏಚಲದೇವಿ. ವಿಷ್ಣುವರ್ಧನನ ಇನ್ನೊಬ್ಬ ರಾಣಿ ಬಮ್ಮಲದೇವಿ. ಅವನ ಅಣ್ಣ ಒಂದನೇ ಬಲ್ಲಾಳ ಮದುವೆಯಾದ ಅಕ್ಕತಂಗಿಯರಲ್ಲಿ ಪದ್ಮಲದೇವಿ, ಚಾವಲದೇವಿ. ಏಚ, ಬಮ್ಮ, ಚಾವ ಇವೆಲ್ಲ ಆ ಕಾಲದ ಕನ್ನಡಿಗರ ಬಾಯಲ್ಲಿದ್ದ ಹೆಸರುಗಳು. ಅವಕ್ಕೂ ಅದೇ ‘ಲ’ ಅಂಟಿಕೊಂಡಿದೆ. ಅಂದ್ರೆ ಈ ‘ಲ’ ಹನ್ನೊಂದು, ಹನ್ನೆರಡನೇ ಶತಮಾನದ ಕನ್ನಡನಾಡಿನ ಹೆಣ್ಣುಮಕ್ಕಳ ಹೆಸರಿನ ಧಾಟಿ. ಶಾಂತಲೆಯ ತಾಯಿ ಮಾಚಿಕಬ್ಬೆ. ಅಲ್ಲಿ ಇನ್ನೂ ಹಳೆಯ ‘ಅಬ್ಬೆ’ ಇದೆ. ಇಷ್ಟೆಲ್ಲ ನೋಡಿದ ಮೇಲೆ ಇದನ್ನ ಕನ್ನಡದ ಹೆಸರು ಅಂತ ಕರೆಯೋದೇ ಸರಿ.

ರಾಣಿ ಬಗ್ಗೆ ಸ್ವಲ್ಪ. ಬೇಲೂರಿನಲ್ಲಿ ಚೆನ್ನಕೇಶವನ ಪಕ್ಕದಲ್ಲಿರೋ ಕಪ್ಪೆ ಚೆನ್ನಿಗರಾಯನ ಗುಡಿ ಅವಳು ಕಟ್ಟಿಸಿದ್ದು. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನಿಗೆ ಬಸದಿ ಕಟ್ಟಿಸಿದಳು. ಆ ಬಸದಿಯ ಹೆಸರು ಸವತಿಗಂಧವಾರಣ. ಸವತಿಯರ ಪಾಲಿಗೆ ಮದ್ದಾನೆ ಅಂತ ಅರ್ಥ, ಅದು ಅವಳದೇ ಬಿರುದು. ಹೆಸರು ಶಾಂತಲೆ, ಬಿರುದು ಮದ್ದಾನೆ! ಮಗಳಿಗೆ ಹೆಸರಿನ ಅರ್ಥ ಹೇಳೋವಾಗ ಎರಡನ್ನೂ ಹೇಳಿ. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಬೆಟ್ಟದಿಂದ ಹಾರಿದಳು ಅನ್ನೋದು ಜನ ಹೇಳೋ ಕಥೆ. ಶಾಸನ ಅಲ್ಲಿ ಸ್ವರ್ಗಸ್ಥಳಾದಳು ಅನ್ನುತ್ತೆ, ಹಾರಿದಳು ಅನ್ನಲ್ಲ. ಮನೆಯ ಹಿರಿಯರು ಇದೇ ಕಾರಣಕ್ಕೆ ಹೆಸರು ಬೇಡ ಅಂದ್ರೆ ಈ ವ್ಯತ್ಯಾಸ ತಿಳಿಸಿ.

ಈ ಹೆಸರನ್ನ ಇಪ್ಪತ್ತನೇ ಶತಮಾನದ ಓದುಗರಿಗೆ ಮತ್ತೆ ಹತ್ತಿರ ಮಾಡಿದ್ದರಲ್ಲಿ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿಯ ಪಾಲು ದೊಡ್ಡದು. ಆಮೇಲೆ ಸಿ.ಕೆ. ನಾಗರಾಜರಾಯರ ‘ಪಟ್ಟಮಹಿಷಿ ಶಾಂತಲದೇವಿ’ ಬಂತು, ಅದಕ್ಕೆ ಮೂರ್ತಿದೇವಿ ಪ್ರಶಸ್ತಿಯೂ ಸಿಕ್ಕಿತು. ಇವತ್ತು ಈ ಹೆಸರು ಅಂಗನವಾಡಿ ಮಕ್ಕಳಿಗಿಂತ ಅಮ್ಮಂದಿರ, ಅತ್ತೆಯಂದಿರ ವಯಸ್ಸಿನವರಲ್ಲೇ ಹೆಚ್ಚು. ತರಗತಿಯಲ್ಲಿ ಒಂದೇ ಹೆಸರಿನ ನಾಲ್ಕು ಮಕ್ಕಳು ಬೇಡ ಅನ್ನೋರಿಗೆ ಇದು ಒಳ್ಳೆಯದೇ.

ವಿದೇಶದಲ್ಲಿರೋರಿಗೆ ಎರಡು ವಿಷಯ. ಫ್ರೆಂಚರ ಕಿವಿಗೆ ಇದು ‘ಶಾಂತಾಲ್’ ಅನ್ನೋ ಅವರ ಹೆಸರಿನ ಹಾಗೆ ಕೇಳಿಸುತ್ತೆ. ಅದು ಕಲ್ಲು ಅನ್ನೋ ಅರ್ಥದ ಊರ ಹೆಸರಿನಿಂದ ಬಂದದ್ದು, ನಮ್ಮದಕ್ಕೂ ಅದಕ್ಕೂ ನಂಟಿಲ್ಲ. ಬ್ರೆಜಿಲ್‌ನಲ್ಲಿ ಶಾಂತಲಾ ಅಂದ್ರೆ ಎಳೆಮಗುವಿಗೆ ಎಣ್ಣೆ ಹಚ್ಚಿ ನೀವೋದು! ಫ್ರೆಂಚ್ ವೈದ್ಯ ಲೆಬೋಯೆ ಕಲ್ಕತ್ತೆಯಲ್ಲಿ ಈ ಹೆಸರಿನ ತಾಯಿಯೊಬ್ಬಳು ಮಗುವಿಗೆ ಮಾಲೀಶು ಮಾಡೋದನ್ನ ಕಂಡು, ಅವಳ ಹೆಸರನ್ನೇ ತಮ್ಮ ಪುಸ್ತಕಕ್ಕೆ ಇಟ್ಟರು. ಅಲ್ಲಿಂದ ಅದು ಆ ಪದ್ಧತಿಯ ಹೆಸರೇ ಆಗಿಹೋಯ್ತು.

ಇನ್ನು ಬರವಣಿಗೆ. ಎಡವಟ್ಟು ಆಗೋದೆಲ್ಲ ಇಲ್ಲೇ. ಶಾಂತಲ, ಶಾಂತಲಾ, ಶಾಂತಲೆ ಮೂರೂ ಬಳಕೆಯಲ್ಲಿವೆ. ಸೀತಾ ಸೀತೆಯಾದ ಹಾಗೆ ಶಾಂತಲಾ ಶಾಂತಲೆ ಆಗುತ್ತೆ; ಶಾಂತಲೆಯ, ಶಾಂತಲೆಗೆ ಅಂತ ವಿಭಕ್ತಿಯೂ ಸಲೀಸು. ದಾಖಲೆಗೆ ಮಾತ್ರ ‘ಶಾಂತಲಾ’ ಅಂತ ದೀರ್ಘ ಕೊಡಿ. ಹ್ರಸ್ವ ಬರೆದರೆ ಶಾಂತಲನ ಅನ್ನಬೇಕೋ ಶಾಂತಲಳ ಅನ್ನಬೇಕೋ ಅನ್ನೋ ಗೊಂದಲ ಹುಟ್ಟುತ್ತೆ. ಶಾಸ್ತ್ರ ನೋಡೋರಿಗೂ ದೀರ್ಘವೇ ಸರಿ: ಹೆಣ್ಣುಮಗುವಿನ ಹೆಸರು ಬೆಸ ಸಂಖ್ಯೆಯ ಅಕ್ಷರದ್ದಾಗಿರಬೇಕು, ‘ಆ’ಕಾರದಲ್ಲಿ ಮುಗೀಬೇಕು ಅಂತ ಪಾರಸ್ಕರ ಗೃಹ್ಯಸೂತ್ರ ಹೇಳುತ್ತೆ. ಶಾಂ, ತ, ಲಾ. ಮೂರಕ್ಷರ. ನಕ್ಷತ್ರದ ಅಕ್ಷರ ನೋಡೋರಿಗೆ ಶತಭಿಷ ಎರಡನೇ ಪಾದದ ‘ಸಾ’ ಇದೆ, ಅದನ್ನೇ ‘ಶಾ’ಕ್ಕೂ ಹಿಡಿಯೋದು ರೂಢಿ.

ಇಂಗ್ಲಿಷಿನಲ್ಲಿ ‘ತ’ಕ್ಕೆ ಬರೀ ಟಿ ಹಾಕ್ತೀರೋ, ಟಿ ಜೊತೆ ಎಚ್ ಹಾಕ್ತೀರೋ ಅನ್ನೋದನ್ನ ಆಸ್ಪತ್ರೆಯಿಂದ ಬರೋದರೊಳಗೇ ತೀರ್ಮಾನ ಮಾಡಿ. ಎರಡೂ ಸರಿ, ಆದರೆ ಒಂದೇ ಇರಬೇಕು. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಆದರೆ ಪಾಸ್‌ಪೋರ್ಟ್ ಮಾಡಿಸೋವಾಗ ತೊಂದರೆ. ಹೆಸರು ಇನ್ನೂ ಗಟ್ಟಿಯಾಗಿಲ್ಲ ಅಂದ್ರೆ ಅವಸರದಲ್ಲಿ ಏನೋ ಒಂದು ಬರೆಸಬೇಡಿ. 21 ದಿನದೊಳಗೆ ಜನನ ನೋಂದಣಿ ಮಾಡಿಸಿ, ಹೆಸರಿನ ಜಾಗ ಖಾಲಿ ಬಿಡಬಹುದು. 12 ತಿಂಗಳೊಳಗೆ ಹೆಸರು ಸೇರಿಸೋಕೆ ಶುಲ್ಕ ಇಲ್ಲ. ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಒಮ್ಮೆ ಬರೆಸಿದ ಹೆಸರು ತಿದ್ದಿಸೋದು ಇದಕ್ಕಿಂತ ಕಷ್ಟ.

ಕೊನೆಯದಾಗಿ, ನಾಮಕರಣದ ತಟ್ಟೆ ಹತ್ತಿರದಿಂದ ನೋಡಿ. ಅಕ್ಕಿಯನ್ನ ಗುಡ್ಡೆ ಹಾಕಬಾರದು, ತೆಳ್ಳಗೆ ಹರಡಬೇಕು. ದಪ್ಪ ಇದ್ರೆ ಉಂಗುರ ಎಳೆದ ಗೆರೆಗೆ ಅಕ್ಕಿ ಜಾರಿ ಬಂದು ‘ಶ’ದ ಸುತ್ತು ಮುಚ್ಚಿಹೋಗುತ್ತೆ. ತಟ್ಟೆಯ ಎಡ ಅಂಚಿಂದಲೇ ಶುರು ಮಾಡಿ. ನಡುವಿಂದ ಶುರು ಮಾಡಿದ್ರೆ ಜಾಗ ಸಾಲದೆ ಕೊನೆಯ ‘ಲಾ’ದ ದೀರ್ಘವೇ ಬಿಟ್ಟುಹೋಗುತ್ತೆ.