ಕೆ. ಗುಡಿಯಲ್ಲಿ ಎರಡು ರಾತ್ರಿ

ಕೇಳುಗರಿಗೆ ನಮಸ್ಕಾರ.

ಚಾಮರಾಜನಗರ ಪಟ್ಟಣವನ್ನು ಬಿಟ್ಟು ಬಿಳಿಗಿರಿರಂಗನ ಬೆಟ್ಟದ ಕಡೆಗೆ ಹೊರಟರೆ ಮೊದಲು ಅರಿಶಿನದ ಹೊಲಗಳೂ ಬಾಳೆಯ ತೋಟಗಳೂ ಕಾಣುತ್ತವೆ. ಅರಣ್ಯ ಇಲಾಖೆಯ ತನಿಖಾ ಠಾಣೆಯನ್ನು ದಾಟಿದ ಮೇಲೆ ರಸ್ತೆ ಏರತೊಡಗಿ, ಮತ್ತಿ, ದಿಂಡಿಗ, ಹೊನ್ನೆ ಮರಗಳ ನಡುವೆ ನುಸುಳುತ್ತ ಕ್ಯಾತದೇವರ ಗುಡಿಯನ್ನು ಮುಟ್ಟುತ್ತದೆ. ಎಲ್ಲರ ಬಾಯಲ್ಲೂ ಅದು ಕೆ. ಗುಡಿ. ರಾಜ್ಯ ಸರ್ಕಾರ 1980ರಲ್ಲಿ ಹುಟ್ಟುಹಾಕಿದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯ ಶಿಬಿರ ಇರುವುದು ಇಲ್ಲಿಯೇ. ಉಳಿದುಕೊಳ್ಳಲು ಇಲ್ಲಿ ಮರದ ಮನೆಗಳಿವೆ, ಟೆಂಟುಗಳಿವೆ, ಮೈಸೂರು ಮಹಾರಾಜರ ಬೇಟೆಯ ಕಾಲದ ಒಂದು ಹಳೆಯ ಬಂಗಲೆಯೂ ಇದೆ. ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಇಂಥ ತಂಪು ಕಾಡಿಗೆ ಹೋಗಿ ತಂಗುವವರಿಗೆ ನಾನು ಕಂಡುಂಡ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಒಂದೇ ರಾತ್ರಿಗೆಂದು ಹೋಗಬೇಡಿ ಎಂಬುದು ಅವುಗಳಲ್ಲಿ ಮೊದಲನೆಯದು. ಊಟ, ವಸತಿ, ಸಫಾರಿ ಎಲ್ಲವನ್ನೂ ಸೇರಿಸಿ ತಲೆಗಿಷ್ಟು ಎಂದು ದರ ಕಟ್ಟುವುದರಿಂದ, ಐದಾರು ಜನರ ಕುಟುಂಬದವರು ಲೆಕ್ಕ ಹಾಕಿ ಒಂದು ರಾತ್ರಿ ಸಾಕು ಎನ್ನುವುದು ಸಹಜವೇ. ಆದರೆ ಮಧ್ಯಾಹ್ನ ಬಂದು, ಸಂಜೆ ಜೀಪಿನಲ್ಲಿ ಸುತ್ತಿ, ಉಂಡು ಮಲಗಿ, ಬೆಳಗ್ಗೆ ಇನ್ನೊಮ್ಮೆ ಸುತ್ತಿ ಹೊರಡುವವರಿಗೆ ಸಿಗುವುದು ಜೀಪಿನ ಸವಾರಿ ಮಾತ್ರ. ಶಿಬಿರದ ನಿಜವಾದ ಸೊಗಸಿರುವುದು ಎರಡು ಸಫಾರಿಗಳ ನಡುವೆ ಏನೂ ಕೆಲಸವಿಲ್ಲದೆ ಕಳೆಯುವ ಹೊತ್ತಿನಲ್ಲಿ. ಮೊದಲ ದಿನ ಮಕ್ಕಳು ಟಿವಿ ಎಲ್ಲಿ ಎಂದು ಹುಡುಕುತ್ತಾರೆ. ಎರಡನೆಯ ದಿನ ಬೆಳಗಿನ ಉಪಾಹಾರ ಮುಗಿದದ್ದೇ ತಡ, ಟೆಂಟಿನ ಮುಂದಿನ ಕಟ್ಟೆಯ ಮೇಲೆ ಕುಳಿತು, ಅಂಗಳಕ್ಕೆ ಬಂದು ಮೇಯುವ ಜಿಂಕೆಗಳನ್ನು ಎಣಿಸತೊಡಗುತ್ತಾರೆ.

ಇನ್ನು ಚಳಿಯ ಮಾತು. ಸಾವಿರ ಮೀಟರ್ ಎತ್ತರಕ್ಕೆ ಸುಮಾರು 6 ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಚಾಮರಾಜನಗರ ಇರುವುದು ಸಮುದ್ರಮಟ್ಟದಿಂದ ಆರೂವರೆ ನೂರು ಮೀಟರಿನ ಆಸುಪಾಸಿನಲ್ಲಿ. ಬೆಟ್ಟದ ಮೇಲಿನ ರಂಗನಾಥನ ಗುಡಿ ಒಂದೂವರೆ ಸಾವಿರ ಮೀಟರಿಗೂ ಮೇಲೆ. ಪಟ್ಟಣದಲ್ಲಿ ಬೆವರು ಒರೆಸಿಕೊಂಡು ಕಾರು ಹತ್ತಿದವರು ಸಂಜೆಗೆ ಸ್ವೆಟರ್ ಹುಡುಕುವುದು ಈ ಕಾರಣದಿಂದಲೇ. ಡಿಸೆಂಬರ್, ಜನವರಿಯಲ್ಲಂತೂ ಬೆಳಗಿನ ತೆರೆದ ಜೀಪಿನಲ್ಲಿ ಕಿವಿ ಮುಚ್ಚುವ ಟೋಪಿಯಿಲ್ಲದೆ ಕೂರಲಾಗದು. ಮುಂಗಾರು, ಹಿಂಗಾರು ಎರಡೂ ತಲಪುವ ಬೆಟ್ಟಸಾಲಿದು. ಆದ್ದರಿಂದ ಅಕ್ಟೋಬರಿನಲ್ಲಿ ಮಳೆ ಮುಗಿಯಿತೆಂದು ನಂಬಿ ಕೊಡೆಯನ್ನು ಮನೆಯಲ್ಲಿ ಬಿಟ್ಟು ಬರಬಾರದು.

ಟೆಂಟಿನ ಒಳಗೆ ಮಂಚ, ಹಾಸಿಗೆ, ಹಿಂಬದಿಯಲ್ಲಿ ಸ್ನಾನದ ಮನೆ ಎಲ್ಲವೂ ಇವೆ. ಹಾಗೆಂದು ಅದು ಗೋಡೆಯುಳ್ಳ ಕೋಣೆಯಲ್ಲ. ದಪ್ಪ ಬಟ್ಟೆಯ ಆಚೆ ನಡೆಯುವುದೆಲ್ಲ ಈಚೆ ಕೇಳಿಸುತ್ತದೆ. ನಾವು ತಂಗಿದ ಮೊದಲ ರಾತ್ರಿ, ದಿಂಬಿನಿಂದ ಎರಡು ಮೊಳ ದೂರದಲ್ಲಿ ಯಾರೋ ಮುದುಕರು ಕೆಮ್ಮುತ್ತ ಮಣ್ಣು ಕೆದಕುತ್ತಿರುವಂತೆ ಸದ್ದಾಯಿತು. ನಮ್ಮ ಮನೆಯವರು ಟಾರ್ಚು ಹಿಡಿದು ಎದ್ದೇಬಿಟ್ಟರು. ಬೆಳಗ್ಗೆ ನೋಡಿದರೆ ಟೆಂಟಿನ ಪಕ್ಕದ ನೆಲವೆಲ್ಲ ನೇಗಿಲು ಹೊಡೆದಂತೆ ಉತ್ತುಹೋಗಿತ್ತು, ಬಂದಿದ್ದದ್ದು ಕಾಡುಹಂದಿ. ಆಗ ಇಬ್ಬನಿಯಿಂದ ತೊಯ್ದು ಬಿಗಿದಿದ್ದ ಟೆಂಟಿನ ಮೇಲೆ ಮರದ ಹನಿಗಳು ಟಪ ಟಪ ಎಂದು ಬೀಳುತ್ತಿದ್ದವು. ಮಳೆಯೆಂದುಕೊಂಡು ಹೊರಬಂದವರಿಗೆ ತಿಳಿಯಾದ ಆಕಾಶ ಕಂಡಿತು.

ವಯಸ್ಸಾದವರು, ಎಳೆಯ ಕೂಸುಗಳು ಜೊತೆಗಿದ್ದರೆ ಮರದ ಮನೆಯನ್ನೇ ಕೇಳಿ ಪಡೆಯುವುದು ಒಳ್ಳೆಯದು. ರಾತ್ರಿಯಲ್ಲಿ ಒಬ್ಬರೇ ಹೊರಗೆ ಅಡ್ಡಾಡಬಾರದೆಂಬುದನ್ನು ಮಕ್ಕಳಿಗೆ ಮೊದಲೇ ಕೂರಿಸಿ ಹೇಳಬೇಕು. ತಿಂಡಿಯ ಪೊಟ್ಟಣವಂತೂ ಕಣ್ಣಿಗೆ ಬೀಳುವಂತೆ ಇರಲೇಕೂಡದು. ನಮ್ಮ ಮೊಮ್ಮಗ ಚೀಲದಲ್ಲಿ ಬಚ್ಚಿಟ್ಟಿದ್ದ ಚಕ್ಕುಲಿಯ ವಾಸನೆ ಹಿಡಿದ ಕೋತಿಯೊಂದು, ಟೆಂಟಿನ ಜಿಪ್ಪನ್ನು ನಮಗಿಂತ ಚೆನ್ನಾಗಿ ಎಳೆದು, ಒಳನುಗ್ಗಿ, ಚಕ್ಕುಲಿಯ ಜೊತೆಗೆ ನನ್ನ ಕನ್ನಡಕವನ್ನೂ ಹೊತ್ತು ಹೋಯಿತು. ಚಕ್ಕುಲಿ ಮುಗಿದ ಮೇಲೆ ಕನ್ನಡಕ ಕೆಳಗೆ ಬಿತ್ತು, ಒಂದು ಗಾಜು ಕಡಿಮೆಯಾಗಿ.

ಸಫಾರಿಯ ವಿಷಯದಲ್ಲಿ ಅತಿಯಾದ ಆಸೆ ಬೇಡ. 1974ರಲ್ಲಿ ವನ್ಯಧಾಮವಾದ ಈ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹೆಸರಿನಲ್ಲಿ ಹುಲಿ ಇದೆಯೆಂದು ಎದುರಿಗೆ ಹುಲಿ ಬರಬೇಕಿಲ್ಲ. ಕಾಟಿ, ಕಡವೆ, ಜಿಂಕೆ, ಅದೃಷ್ಟವಿದ್ದರೆ ಸೀಳುನಾಯಿಯ ಹಿಂಡು ಕಂಡೀತು. ಜೀಪಿನ ಹಾದಿಯ ಎರಡೂ ಕಡೆ ಆಳೆತ್ತರಕ್ಕೆ ಬೆಳೆದ ಲಂಟಾನದ ಪೊದೆಗಳು ನೋಟಕ್ಕೆ ಗೋಡೆ ಕಟ್ಟಿಬಿಟ್ಟಿವೆ. ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ತಿಳಿಯದು. ಇಲ್ಲಿನ ಸೋಲಿಗರು ಹಿಂದೆ ವರ್ಷದ ಒಣಗಾಲದಲ್ಲಿ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದನ್ನು ತರಗು ಬೆಂಕಿ ಎನ್ನುತ್ತಿದ್ದರು. ಅದು ನಿಂತ ಮೇಲೆಯೇ ಲಂಟಾನ ಮೇಲುಗೈ ಪಡೆಯಿತೆಂಬುದು ಅವರ ವಾದ. ತಲೆತಲಾಂತರದಿಂದ ಈ ಕಾಡಿನ ನೆಲ ತುಳಿದವರ ಮಾತನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಾಮುದಾಯಿಕ ಹಕ್ಕುಪತ್ರ ಪಡೆದವರಲ್ಲಿ ಮೊದಲಿಗರು ಇದೇ ಸೋಲಿಗರು, ಅದೂ 2011ರಲ್ಲಿಯೇ. ನೀವು ದಾರಿಯಲ್ಲಿ ಕಾಣುವ ಪೋಡುಗಳು ಅವರ ಮನೆಗಳಿರುವ ಊರುಗಳು. ಕೇಳದೆ ಒಳಹೊಕ್ಕು ಫೋಟೋ ತೆಗೆಯುವ ಜಾಗವಲ್ಲ.

ಸಂಜೆ ಸಫಾರಿ ಮುಗಿದ ಮೇಲೆ ಊಟದ ಹಜಾರದ ಬಳಿ ಬೆಂಕಿ ಹಾಕುತ್ತಾರೆ. ಅಲ್ಲಿ ಹಾಡಿನ ಡಬ್ಬ ಹಚ್ಚುವ ಗುಂಪೊಂದು ಒಮ್ಮೊಮ್ಮೆ ಬಂದು ಸೇರುತ್ತದೆ. ಅಂಥವರಿಗೆ ಮೆತ್ತಗೆ ಹೇಳಿ ನೋಡಬಹುದು. ಕೇಳದಿದ್ದರೆ ಶಿಬಿರದವರಿಗೆ ತಿಳಿಸಬೇಕು, ಸಂಕೋಚ ಬೇಡ. ಸದ್ದಡಗಿದ ಮೇಲೆ ದೂರದಿಂದ ಕಡವೆಯ ಒಂಟಿ ಕೂಗು ಬಂದರೆ, ಅದೇ ಕೂಗು ಮತ್ತೆ ಮತ್ತೆ ಒಂದೇ ದಿಕ್ಕಿನಿಂದ ಕೇಳಿಸಿದರೆ, ಅಲ್ಲೆಲ್ಲೋ ಹುಲಿಯೋ ಚಿರತೆಯೋ ಓಡಾಡುತ್ತಿದೆ ಎಂದು ಅರ್ಥ. ಎರಡನೆಯ ರಾತ್ರಿ ನಮಗೆ ಹಾಗೆ ಕೇಳಿಸಿತು. ಹನ್ನೊಂದು ವರ್ಷದ ಮೊಮ್ಮಗ ಅಷ್ಟು ಹೊತ್ತು ಮಾತಿಲ್ಲದೆ ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೂರನೆಯ ದಿನ ಬಂದ ದಾರಿಯಲ್ಲೇ ಹಿಂದಿರುಗದೆ, ಬೆಟ್ಟದ ದೇವಸ್ಥಾನಕ್ಕೆ ಹೋಗಿ ಯಳಂದೂರಿನ ಕಡೆಗೆ ಇಳಿದೆವು. ಅಲ್ಲಿ ರಂಗನಾಥಸ್ವಾಮಿಗೆ ಚರ್ಮದ ದೊಡ್ಡ ಪಾದರಕ್ಷೆಗಳನ್ನು ಮಾಡಿ ಒಪ್ಪಿಸುವ ಪದ್ಧತಿಯಿದೆ. ಸ್ವಾಮಿ ಅವನ್ನು ಮೆಟ್ಟಿಕೊಂಡು ರಾತ್ರಿಯಲ್ಲಿ ಕಾಡು ಸುತ್ತುತ್ತಾನೆ, ಸುತ್ತಿ ಸುತ್ತಿ ಅವು ಸವೆಯುತ್ತವೆ ಎಂಬುದು ನಂಬಿಕೆ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಕೈಹಿಡಿದವನಾದ್ದರಿಂದ ಅವರಿಗೆ ರಂಗಪ್ಪ ಭಾವ. ಆ ಪಾದರಕ್ಷೆಯನ್ನು ಭಕ್ತರ ತಲೆಗೆ ಮುಟ್ಟಿಸಿ ಹರಸುತ್ತಾರೆ. ಹುಲಿ ಕಾಣಲಿಲ್ಲವೆಂದು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದ ನಮ್ಮ ಹುಡುಗ, ತನ್ನ ತಲೆಗೆ ತಗುಲಿದ್ದನ್ನು ಕಣ್ಣಗಲಿಸಿ ಅಳೆದು ನೋಡಿ, "ಇಷ್ಟು ದೊಡ್ಡ ಕಾಲಿನವರು ರಾತ್ರಿಯೆಲ್ಲ ತಿರುಗಾಡುತ್ತಿದ್ದರೆ ಹುಲಿ ಎಲ್ಲಿ ಹೊರಗೆ ಬರುತ್ತದೆ ಅಜ್ಜಿ?" ಎಂದು ಕೇಳಿದ. ಪೂಜಾರಿಗಳಿಗೂ ನಗು ತಡೆಯಲಾಗಲಿಲ್ಲ.

ನಮಸ್ಕಾರ.