ಮೂಲಪಾಠದ ಹುಡುಕಾಟ: ಯೂರೋಪಿನ ಪುನರುಜ್ಜೀವನದ ಒಂದು ಎಳೆ

ಕೇಳುಗರಿಗೆ ನಮಸ್ಕಾರ.

ಹಳೆಯ ತಾಮ್ರಪಟವೊಂದು ಕೈಗೆ ಬಂದರೆ ನಮ್ಮ ಶಾಸನತಜ್ಞರು ಅದರಲ್ಲಿ ಯಾವ ಅರಸ ಯಾರಿಗೆ ಯಾವ ಊರನ್ನು ದತ್ತಿ ಬಿಟ್ಟನೆಂದು ಓದಿ ಸುಮ್ಮನಾಗುವುದಿಲ್ಲ. ಲಿಪಿ ಆ ಕಾಲದ್ದೇ, ಭಾಷೆ ಆ ಕಾಲದ್ದೇ, ತಿಥಿವಾರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಒರೆಗೆ ಹಚ್ಚಿ, ಸೋತದ್ದನ್ನು ಕೂಟಶಾಸನವೆಂದು, ಅಂದರೆ ನಕಲಿಯೆಂದು, ಬದಿಗಿಡುತ್ತಾರೆ. ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಶಾಸನತಜ್ಞ ಫ್ಲೀಟ್ ಹೀಗೆಯೇ ತಳ್ಳಿಹಾಕಿದ್ದರು. ಇಂಥದೇ ಪರೀಕ್ಷೆಯೊಂದು 1440ರಲ್ಲಿ ಇಟಲಿಯಲ್ಲಿ ನಡೆಯಿತು. ಪುನರುಜ್ಜೀವನವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಚಿತ್ರಗಳು, ಅಮೃತಶಿಲೆಯ ಪ್ರತಿಮೆಗಳು. ನಾನು ಮಾತ್ರ ಈ ದಿನ ಒಂದು ಸುಳ್ಳು ದಾನಪತ್ರದಿಂದ ಆರಂಭಿಸುತ್ತೇನೆ. ನಡುವೆ ಬಂದವರ ಮಾತನ್ನು ದಾಟಿ ಮೂಲವನ್ನೇ ಕಣ್ಣಾರೆ ನೋಡಬೇಕೆಂಬ ಹಟ, ಆ ಕಾಲದ ಕಲೆಯನ್ನೂ ವಿಚಾರವನ್ನೂ ಕಡೆಗೆ ಧರ್ಮವನ್ನೂ ಕದಲಿಸಿತೆಂದು ನನಗೆ ತೋರುತ್ತದೆ.

ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು ನಾಲ್ಕನೆಯ ಶತಮಾನದಲ್ಲಿ ರೋಮ್ ನಗರವನ್ನೂ ಇಟಲಿಯನ್ನೂ ಪಶ್ಚಿಮದ ಪ್ರಾಂತಗಳನ್ನೂ ಪೋಪ್ ಸಿಲ್ವೆಸ್ಟರನಿಗೆ ಬರೆದುಕೊಟ್ಟನೆಂದು ಆ ಪತ್ರ ಹೇಳುತ್ತಿತ್ತು. ಲೌಕಿಕ ಅಧಿಕಾರದ ಮಾತು ಬಂದಾಗ ಮಧ್ಯಯುಗದ ಪೋಪರಿಗೆ ಅದು ದೊಡ್ಡ ಆಧಾರ. ಲೊರೆಂಜೊ ವಲ್ಲ ಎಂಬ ಲ್ಯಾಟಿನ್ ಪಂಡಿತ ಅದನ್ನು ಪದಪದವಾಗಿ ಬಿಡಿಸಿ ನೋಡಿದ. ಅವನಿದ್ದದ್ದು ನೇಪಲ್ಸಿನ ದೊರೆ ಅಲ್ಫೊನ್ಸೊನ ಆಶ್ರಯದಲ್ಲಿ. ದೊರೆಗೂ ಪೋಪನಿಗೂ ಆಗ ಜಗಳವಿದ್ದುದರಿಂದ ವಲ್ಲನದು ಕೇವಲ ಸತ್ಯಶೋಧನೆಯೆಂದು ಹೇಳಲಾಗದು. ಆದರೆ ಅವನ ವಾದದಲ್ಲಿ ಜಗಳಕ್ಕಿಂತ ವ್ಯಾಕರಣವೇ ಹೆಚ್ಚು ಕೆಲಸ ಮಾಡುತ್ತದೆ. ಪತ್ರದಲ್ಲಿ ಚಕ್ರವರ್ತಿ ತನ್ನ ಅಧಿಕಾರಿಗಳನ್ನು ಸತ್ರಪರೆಂದು ಕರೆದಿದ್ದಾನೆ. ಅದು ಪರ್ಷಿಯಾದ ಆಡಳಿತದ ಮಾತು. ರೋಮಿನ ಅರಸ ಹೀಗೆ ಬರೆಯುವನೇ ಎಂದು ವಲ್ಲ ಗೇಲಿ ಮಾಡುತ್ತಾನೆ. ಪಂಪನ ಕೈಬರಹವೆಂದು ಯಾರೋ ತಂದುಕೊಟ್ಟ ಓಲೆಯಲ್ಲಿ ತಹಶೀಲ್ದಾರ ಎಂಬ ಮಾತು ಸಿಕ್ಕರೆ ನಮಗೆ ಹೇಗಾದೀತೋ, ಅವನಿಗೂ ಹಾಗೆಯೇ ಆಗಿರಬೇಕು. ಜೊತೆಗೆ, ಇನ್ನೂ ಹುಟ್ಟಿರದ ಕಾನ್‌ಸ್ಟಾಂಟಿನೋಪಲ್ ನಗರದ ಧರ್ಮಪೀಠದ ಹೆಸರೂ ಅದರಲ್ಲಿತ್ತು. ಪತ್ರ ಎಂಟನೆಯ ಶತಮಾನದ ಸೃಷ್ಟಿಯೆಂದು ಇಂದಿನ ವಿದ್ವಾಂಸರ ಮತ. ಸೋಜಿಗವೆಂದರೆ ಇದೇ ವಲ್ಲ ಮುಂದೆ ರೋಮಿಗೆ ಹೋಗಿ ಪೋಪನ ಕಚೇರಿಯಲ್ಲಿಯೇ ಕೆಲಸಕ್ಕೆ ಸೇರಿದ.

ವಲ್ಲನಿಗೆ ಈ ಕಣ್ಣು ಎಲ್ಲಿಂದ ಬಂತು? 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲನ್ನು ಹಿಡಿದರು, ಗ್ರೀಕ್ ಪಂಡಿತರು ಹಸ್ತಪ್ರತಿಗಳೊಡನೆ ಇಟಲಿಗೆ ಓಡಿಬಂದರು, ಪುನರುಜ್ಜೀವನ ಶುರುವಾಯಿತು ಎಂದು ಶಾಲೆಯಲ್ಲಿ ಉರುಹೊಡೆದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಪರೀಕ್ಷೆಗೆ ಅನುಕೂಲವಾದ ಉತ್ತರ. ಆದರೆ ಕಾಲಗಣನೆ ಅದಕ್ಕೆ ಒಪ್ಪುವುದಿಲ್ಲ. ನಾವು ಸುನೀತವೆಂದು ಕರೆಯುವ ಹದಿನಾಲ್ಕು ಸಾಲಿನ ಪದ್ಯಕ್ಕೆ ಯೂರೋಪಿನಲ್ಲೆಲ್ಲ ಮನ್ನಣೆ ತಂದ ಪೆತ್ರಾರ್ಕ, ವೆರೋನದ ಗ್ರಂಥಭಂಡಾರದಲ್ಲಿ ಪ್ರಾಚೀನ ರೋಮಿನ ವಾಗ್ಮಿ ಸಿಸೆರೊನ ಪತ್ರಗಳನ್ನು ಕಂಡುಕೊಂಡದ್ದು 1345ರಲ್ಲಿ. ಕಾನ್‌ಸ್ಟಾಂಟಿನೋಪಲಿನ ವಿದ್ವಾಂಸ ಮ್ಯಾನುಯೆಲ್ ಕ್ರಿಸೊಲೊರಾಸ್ ಫ್ಲಾರೆನ್ಸಿಗೆ ಬಂದು ಗ್ರೀಕ್ ಕಲಿಸತೊಡಗಿದ್ದು 1397ರಲ್ಲಿ. ಇಟಲಿಯ ವಿದ್ವಾಂಸ ಪೋಜೊ ಬ್ರಾಚೊಲಿನಿ ಆಲ್ಪ್ಸ್ ಪರ್ವತದಾಚೆಯ ಮಠಗಳಲ್ಲಿ ಧೂಳು ಹಿಡಿದಿದ್ದ ಹಸ್ತಪ್ರತಿಗಳನ್ನು ಹುಡುಕಿ ತೆಗೆದದ್ದು 1416, 1417ರ ಸುಮಾರಿಗೆ. ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಲಿಪಿಕಾರ ಎಲ್ಲಿ ಎಡವಿದ, ಯಾವ ಸಾಲು ಪ್ರಕ್ಷಿಪ್ತ, ಅಂದರೆ ಆಮೇಲೆ ಸೇರಿಸಿದ್ದು, ಎಂದು ತೂಗಿ ನೋಡುವ, ನಾವು ಗ್ರಂಥಸಂಪಾದನೆ ಎನ್ನುವ ಕೆಲಸ ಅಲ್ಲಿ ಆಗಲೇ ಬೇರುಬಿಟ್ಟಿತ್ತು.

ಇದೇ ಫ್ಲಾರೆನ್ಸಿನಲ್ಲಿ ಕಲೆಗಾರರು ಕಣ್ಣಿನ ವಿಷಯದಲ್ಲೂ ಹೀಗೆಯೇ ನಡೆದುಕೊಂಡರು. ಫಿಲಿಪ್ಪೊ ಬ್ರುನೆಲೆಸ್ಕಿ ಅಕ್ಕಸಾಲಿಗನಾಗಿ ಪಳಗಿದವನು. ಊರಿನ ದೀಕ್ಷಾಮಂದಿರವನ್ನು, ಅಂದರೆ ಕ್ರೈಸ್ತರಿಗೆ ದೀಕ್ಷಾಸ್ನಾನ ಮಾಡಿಸುವ ಕಟ್ಟಡವನ್ನು, ಆತ ಒಂದು ಹಲಗೆಯ ಮೇಲೆ ಚಿತ್ರಿಸಿ, ಹಲಗೆಯಲ್ಲೊಂದು ರಂಧ್ರ ಕೊರೆದು, ಹಿಂದುಗಡೆಯಿಂದ ಅದಕ್ಕೆ ಕಣ್ಣಿಟ್ಟು ಎದುರು ಹಿಡಿದ ಕನ್ನಡಿಯಲ್ಲಿ ಚಿತ್ರವನ್ನು ನೋಡುವಂತೆ ಮಾಡಿದನಂತೆ. ಕಟ್ಟಡಕ್ಕೂ ಚಿತ್ರಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲವೆಂದು ಅವನ ಜೀವನಚರಿತ್ರೆ ಬರೆದವನು ಹೇಳುತ್ತಾನೆ. ಫ್ಲಾರೆನ್ಸಿನ ಮಹಾಮಂದಿರದ ಗುಮ್ಮಟವನ್ನು, ನೆಲದಿಂದ ಮರದ ಆಸರೆ ಕಟ್ಟದೆ, 1420ರಿಂದ 1436ರ ನಡುವೆ ಎಬ್ಬಿಸಿ ನಿಲ್ಲಿಸಿದವನೂ ಇವನೇ.

ಆದರೆ ಈ ಹೊಸ ದೃಷ್ಟಿಯನ್ನು ಹತ್ತಿರದಿಂದ ಕಾಣಬೇಕಾದರೆ ಸಾಂತಾ ಮರಿಯಾ ನೊವೆಲ್ಲ ಚರ್ಚಿನ ಒಂದು ಗೋಡೆಯ ಮುಂದೆ ನಿಲ್ಲಬೇಕು. ಸುಮಾರು 1427ರಲ್ಲಿ ಮಸಾಚೊ ಎಂಬ ತರುಣ ಅಲ್ಲಿ ಶಿಲುಬೆಯ ಮೇಲಿನ ಕ್ರಿಸ್ತನನ್ನೂ ಹಿಂದೆ ನಿಂತ ಪರಮಪಿತನನ್ನೂ ಬರೆದಿದ್ದಾನೆ. ಅವರ ತಲೆಯ ಮೇಲೆ ಚೌಕಚೌಕವಾಗಿ ಕೊರೆದ ಕಮಾನು ಚಾವಣಿ ಒಳಒಳಗೆ ಸರಿಯುತ್ತ ಹೋಗುತ್ತದೆ. ಗೋಡೆಯೇ ತೂತಾದಂತೆ ಕಾಣುತ್ತದೆಂದು ಮುಂದಿನ ಶತಮಾನದಲ್ಲಿ ಕಲಾವಿದರ ಜೀವನಚರಿತ್ರೆಗಳನ್ನು ಬರೆದ ವಸಾರಿ ಹೇಳಿದ. ಗೆರೆಗಳೆಲ್ಲ ಬಂದು ಸೇರುವ ಬಿಂದು ನೋಡುವವನ ಕಣ್ಣಿನ ಮಟ್ಟಕ್ಕಿದೆ, ಅಂದರೆ ಆ ಮಂಟಪದ ಅಳತೆಯನ್ನು ಚಿತ್ರಕಾರ ನಿಂತು ನೋಡುವ ಸಾಮಾನ್ಯ ಮನುಷ್ಯನಿಂದ ಹಿಡಿದಿದ್ದಾನೆ. ಎರಡು ಬದಿಯಲ್ಲಿ ಮೊಣಕಾಲೂರಿ ಕುಳಿತಿರುವ ದಂಪತಿ ಚಿತ್ರ ಬರೆಸಿದವರ ಕಡೆಯವರು. ಹಿಂದಿನ ಚಿತ್ರಗಳಲ್ಲಿ ಸಂತರ ಪಾದದ ಬಳಿ ಗೊಂಬೆಗಳಂತೆ ಕಾಣುತ್ತಿದ್ದ ಇಂಥವರು ಇಲ್ಲಿ ಶಿಲುಬೆಯ ಬಳಿ ನಿಂತ ಮೇರಿಯಷ್ಟೇ ದೊಡ್ಡವರು. ಎಲ್ಲಕ್ಕೂ ಕೆಳಗೆ ಒಂದು ಅಸ್ಥಿಪಂಜರ ಮಲಗಿದೆ. ನೀವು ಇಂದು ಇರುವಂತೆ ನಾನೂ ಇದ್ದೆ, ನಾನು ಇರುವಂತೆ ನೀವೂ ಆಗುವಿರಿ ಎಂದು ಅದರ ಮೇಲಿನ ಬರಹ. ಮನುಷ್ಯನನ್ನು ಎತ್ತಿ ಹಿಡಿದ ಯುಗ ದೇವರನ್ನು ಮರೆಯಿತೆಂದು ಹೇಳುವವರು ಈ ಗೋಡೆಯನ್ನು ನೋಡಿಲ್ಲವೆಂದೇ ನಾನು ತಿಳಿಯುತ್ತೇನೆ.

ಈಗ ವಲ್ಲನ ಕಡೆಗೆ ಮರಳೋಣ. ಅವನು ಬೈಬಲಿನ ಹೊಸ ಒಡಂಬಡಿಕೆಯ ಲ್ಯಾಟಿನ್ ಅನುವಾದವನ್ನು ಗ್ರೀಕ್ ಮೂಲದೊಡನೆ ಹೋಲಿಸಿ ಟಿಪ್ಪಣಿಗಳನ್ನು ಬರೆದಿಟ್ಟಿದ್ದ. ಅವುಗಳ ಪ್ರತಿಯೊಂದು 1504ರಲ್ಲಿ ಲೂವೆನ್ ಬಳಿಯ ಮಠವೊಂದರಲ್ಲಿ ಡಚ್ ವಿದ್ವಾಂಸ ಎರಾಸ್ಮಸನ ಕೈಗೆ ಸಿಕ್ಕಿತು. ಮುಂದಿನ ವರ್ಷವೇ ಅದನ್ನು ಅಚ್ಚು ಹಾಕಿಸಿದ ಎರಾಸ್ಮಸ್, 1516ರಲ್ಲಿ ಬಾಸೆಲ್ ನಗರದ ಫ್ರೋಬೆನನ ಮುದ್ರಣಾಲಯದಿಂದ ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ತನ್ನದೇ ಲ್ಯಾಟಿನ್ ಅನುವಾದದೊಡನೆ ಹೊರತಂದ. ಆತುರದಲ್ಲಿ ಸಿದ್ಧವಾದ, ಅಚ್ಚಿನ ದೋಷಗಳು ತುಂಬಿದ ಪುಸ್ತಕವದು. ಆದರೂ ಅದರ ಒಂದು ಪದ ಬಹಳ ದೂರ ಹೋಯಿತು. ಮತ್ತಾಯನ ಸುವಾರ್ತೆಯಲ್ಲಿ ಯೇಸು ಜನರಿಗೆ ಕೊಡುವ ಕರೆಯನ್ನು ಹಳೆಯ ಲ್ಯಾಟಿನ್ ಅನುವಾದ ಪ್ರಾಯಶ್ಚಿತ್ತ ಮಾಡಿಕೊಳ್ಳಿ ಎಂಬಂತೆ ಹೇಳುತ್ತಿತ್ತು. ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿ, ಅವರು ವಿಧಿಸಿದ್ದನ್ನು ನಡೆಸುವ ಸಂಸ್ಕಾರಕ್ಕೆ ಅದು ಆಧಾರವಾಗಿತ್ತು. ಗ್ರೀಕಿನಲ್ಲಿರುವುದಾದರೋ ಮೆತಾನೊಯಿಯಾ, ಮನಸ್ಸು ಬದಲಾಗುವುದು. ಕನ್ನಡ ಕ್ರೈಸ್ತರು ಬಳಸುವ ಮಾನಸಾಂತರ ಎಂಬ ಮಾತು ಅದಕ್ಕೆ ಎಷ್ಟು ಹತ್ತಿರವಾಗಿದೆ ನೋಡಿ.

ಅದೇ ಹೊತ್ತಿಗೆ ರೋಮಿನಲ್ಲಿ ಸಂತ ಪೇತ್ರನ ಹೊಸ ಮಹಾಮಂದಿರ ಏಳುತ್ತಿತ್ತು. 1506ರಲ್ಲಿ ಅಡಿಗಲ್ಲು ಬಿದ್ದ ಆ ಕಟ್ಟಡಕ್ಕೆ ಹಣ ಕೂಡಿಸಲು ಜರ್ಮನಿಯಲ್ಲಿ ಪಾಪಕ್ಷಮಾಪಣಾ ಪತ್ರಗಳು ಮಾರಾಟವಾದವು. ಅರ್ಧ ಹಣ ಮೈಂಜಿನ ಆರ್ಚ್‌ಬಿಷಪ್ಪನ ಸಾಲ ತೀರಿಸಲು ಫುಗ್ಗರ್ ಎಂಬ ಲೇವಾದೇವಿ ಮನೆತನಕ್ಕೆ ಹೋಗುತ್ತಿತ್ತು. 1517ರಲ್ಲಿ ಜರ್ಮನಿಯ ಪಾದ್ರಿ ಮಾರ್ಟಿನ್ ಲೂಥರ್ ಇದನ್ನು ಪ್ರಶ್ನಿಸಿ ಬರೆದ 95 ವಾದಗಳಲ್ಲಿ ಮೊದಲೆರಡು ಈ ಪದದ ಕುರಿತೇ ಇವೆ: ಯೇಸು ಹೇಳಿದ್ದು ಬಾಳಿಡೀ ನಡೆಯಬೇಕಾದ ಪಶ್ಚಾತ್ತಾಪ, ಪಾದ್ರಿಗಳು ನಡೆಸುವ ಸಂಸ್ಕಾರವೆಂದು ಅದಕ್ಕೆ ಅರ್ಥ ಮಾಡಲಾಗದು. 1520ರಲ್ಲಿ ಲೂಥರ್ ವಲ್ಲನ ದಾನಪತ್ರದ ವಿಮರ್ಶೆಯನ್ನೂ ಓದಿದ. 1522ರಲ್ಲಿ ಅವನ ಜರ್ಮನ್ ಹೊಸ ಒಡಂಬಡಿಕೆ ಬಂದಾಗ ಅದಕ್ಕೆ ಮೂಲವಾದದ್ದು ಎರಾಸ್ಮಸನ ಗ್ರೀಕ್ ಪಾಠದ ಎರಡನೆಯ ಮುದ್ರಣ.

ಎರಾಸ್ಮಸನಿಗೆ ಬೇಕಾಗಿದ್ದದ್ದು ತಿದ್ದುಪಡಿ, ಒಡಕಲ್ಲ. ಮನುಷ್ಯನ ಇಚ್ಛೆಗೆ ಸ್ವಾತಂತ್ರ್ಯವಿದೆಯೇ ಎಂಬ ಪ್ರಶ್ನೆಯ ಮೇಲೆ 1524ರಲ್ಲಿ ಅವನೂ ಲೂಥರನೂ ಬಹಿರಂಗವಾಗಿ ಬೇರೆಯಾದರು. ಕಲೆಯೂ ಪೆಟ್ಟು ತಿಂದಿತು. ರೋಮಿನ ಸಿಸ್ಟೀನ್ ಪ್ರಾರ್ಥನಾಮಂದಿರದಲ್ಲಿ ಮೈಕೆಲೇಂಜೆಲೊ ಬರೆದಿದ್ದ ಬೆತ್ತಲೆ ದೇಹಗಳಿಗೆ 1565ರಲ್ಲಿ ಇನ್ನೊಬ್ಬ ಚಿತ್ರಕಾರ ಬಟ್ಟೆ ತೊಡಿಸಬೇಕಾಯಿತು. ಪೋಪನನ್ನು ಬಿಟ್ಟು ಸುಧಾರಣೆಯ ಕಡೆಗೆ ಹೋದ ಹಲವು ಊರುಗಳಲ್ಲಿ ಚಿತ್ರಗಳೇ ಉಳಿಯಲಿಲ್ಲ. ಎರಾಸ್ಮಸ್ ನೆಲೆಸಿದ್ದ ಬಾಸೆಲಿನಲ್ಲಿ 1529ರ ಫೆಬ್ರವರಿಯಲ್ಲಿ ಜನರ ಗುಂಪು ಮಹಾಮಂದಿರಕ್ಕೆ ನುಗ್ಗಿ ಸಂತರ ಪ್ರತಿಮೆಗಳನ್ನು ಒಡೆದುಹಾಕಿತು. ಕೆಲವು ವಾರಗಳಲ್ಲಿ ಆತ ಊರು ಬಿಟ್ಟು ಫ್ರೈಬರ್ಗಿಗೆ ಹೊರಟುಹೋದ. ಆರು ವರ್ಷಗಳ ಮೇಲೆ ಮರಳಿ ಬಂದು 1536ರಲ್ಲಿ ಅಲ್ಲಿಯೇ ತೀರಿಕೊಂಡ. ಪೋಪನ ಧರ್ಮಸಭೆಯನ್ನು ಬಿಡದೆ ಸತ್ತ ಅವನನ್ನು, ಆ ಸಭೆಯನ್ನು ಬಿಟ್ಟಿದ್ದ ಊರು ಅದೇ ಮಹಾಮಂದಿರದೊಳಗೆ ಮಣ್ಣು ಮಾಡಿತು. ಸಂತರ ಮೂರ್ತಿಗಳನ್ನು ಹೊರಹಾಕಿದ ಆ ಕಟ್ಟಡದಲ್ಲಿ, ಎರಾಸ್ಮಸನ ಸ್ಮಾರಕಶಿಲೆಯ ತುದಿಯಲ್ಲಿ ಇಂದಿಗೂ ಒಂದು ಮುಖ ಕಾಣುತ್ತದೆ: ಅವನು ತನ್ನ ಮುದ್ರೆಯಲ್ಲಿ ಇಟ್ಟುಕೊಂಡಿದ್ದ, ಪ್ರಾಚೀನ ರೋಮನ್ನರ ಗಡಿಕಲ್ಲಿನ ದೇವತೆ ಟರ್ಮಿನಸನದು.